ನೈರೋಬಿಯಲ್ಲಿ ‘ಮದುವೆಯಾಗಿದೆಯೇ?’ ಎಂದು ಕೇಳುವ ಮುನ್ನ

ಮೊನ್ನೆ ಭಾನುವಾರ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ದಾವಣಗೆರೆಯ ಹುಡುಗಿಯೊಬ್ಬಳು ಬಿಸಿಬೇಳೆಬಾತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತನ್ನ ಟ್ಯಾಬ್ಲೆಟ್ ತೆರೆದಳು. ಬೆಂಗಳೂರಿನಲ್ಲಿ ಸಾರ್ವಜನಿಕ ಆರೋಗ್ಯ ಓದಿ, ಇಲ್ಲಿನ ಕುಟುಂಬ ಯೋಜನೆ ಸಮೀಕ್ಷೆಯೊಂದರ ಕೆಲಸಕ್ಕೆಂದು ಬಂದು ಆರು ವಾರವಾಗಿತ್ತು. ಪ್ರಶ್ನಾವಳಿ ಚೊಕ್ಕವಾಗಿತ್ತು. ಹನ್ನೊಂದನೆಯ ಪ್ರಶ್ನೆ: ‘ನಿಮಗೆ ಮದುವೆಯಾಗಿದೆಯೇ?’ ಇಲ್ಲ ಎಂದು ಒತ್ತಿದರೆ ಫಾರ್ಮ್ ನೇರವಾಗಿ ಮೂವತ್ತೆರಡನೆಯ ಪ್ರಶ್ನೆಗೆ ಜಿಗಿಯುತ್ತಿತ್ತು. ನಡುವಿನ ಇಪ್ಪತ್ತು ಪ್ರಶ್ನೆಗಳಲ್ಲೇ ಇತ್ತು ಅವಳು ಅಳೆಯಲು ಬಂದದ್ದೆಲ್ಲ.

ನನಗೆ ತುತ್ತು ಗಂಟಲಲ್ಲೇ ನಿಂತಿತು. ಇದೇ ಜಿಗಿತ ಹಿಂದೆ ನನ್ನ ಸಮೀಕ್ಷೆಯ ಮೂರು ವಾರದ ದುಡಿಮೆಯನ್ನೂ ಹದಿನಾಲ್ಕು ಜನ ಸಮೀಕ್ಷಕಿಯರ ಸಂಬಳವನ್ನೂ ನುಂಗಿತ್ತು. ನನ್ನ ನಂತರ ಬಂದು ಇದೇ ಗುಂಡಿಗೆ ಬಿದ್ದವರಲ್ಲಿ ಇವಳು ಮೂರನೆಯವಳು. ಹಾಗಾಗಿ ಊರಿನಿಂದ ಇಂಥ ಸಮೀಕ್ಷೆಗೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ. ವೀಸಾ, ಮನೆ ಬಾಡಿಗೆ, ಮೊಬೈಲಿನಲ್ಲಿ ಹಣ ಕಳಿಸುವ ಎಂ-ಪೆಸಾ ಇವೆಲ್ಲ ನಿಮಗೆ ಗೊತ್ತಾಗುತ್ತವೆ, ಅವನ್ನು ಬಿಡುತ್ತೇನೆ.

ಅನುಮತಿಗಳ ಮಾತನ್ನು ಬೇಗ ಮುಗಿಸುತ್ತೇನೆ. ಮೊದಲು ಮಾನ್ಯತೆ ಪಡೆದ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ, ಆಮೇಲೆ ನಾಕೊಸ್ಟಿ ಎಂದು ಎಲ್ಲರೂ ಕರೆಯುವ ವಿಜ್ಞಾನ ಆಯೋಗದ ಪರವಾನಗಿ, ಆಮೇಲೆ ನೈರೋಬಿ ಕೌಂಟಿಯ ಆರೋಗ್ಯ ಇಲಾಖೆ, ಕೊನೆಗೆ ಆಯಾ ಪ್ರದೇಶದ ಚೀಫ್ ಎಂಬ ಸರ್ಕಾರಿ ಅಧಿಕಾರಿ. ಈ ಸರದಿ ಹಿಂದುಮುಂದಾಗುವುದಿಲ್ಲ. ವಿದೇಶಿಯರಿಗೆ ಕೀನ್ಯಾದ ಸಂಸ್ಥೆಯೊಂದರ ಜೋಡಣೆ ಬೇಕೇ ಬೇಕು, ಶುಲ್ಕವೂ ಹೆಚ್ಚು. 2013ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ಸಂಶೋಧನೆ ನಡೆಸುವುದು ಅಪರಾಧ. ‘ಬರೀ ಪ್ರಶ್ನೆ ಕೇಳುವುದು ತಾನೇ’ ಎಂದು ಹೊರಡಬೇಡಿ. 2019ರ ದತ್ತಾಂಶ ರಕ್ಷಣಾ ಕಾಯ್ದೆ ಬೇರೆ ಇದೆ. ಆರೋಗ್ಯದ ಮಾಹಿತಿ ಅದರ ಅಡಿಯಲ್ಲಿ ಸೂಕ್ಷ್ಮ ಮಾಹಿತಿ. ಒಂದು ಮಾತು ಒಪ್ಪಿಕೊಳ್ಳಬೇಕು: ನಾಕೊಸ್ಟಿ ಅರ್ಜಿ ಆನ್‌ಲೈನ್‌ನಲ್ಲಿ ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ನಮ್ಮೂರ ಕಚೇರಿಯಲ್ಲಿ ಕಡತ ಯಾವ ಮೇಜಿನ ಮೇಲಿದೆ ಎಂದು ತಿಳಿಯಲು ಅರ್ಧ ದಿನ ರಜೆ ಹಾಕಬೇಕಿತ್ತು.

ಈಗ ಗುಂಡಿಯ ವಿಷಯ.

ನಮ್ಮ ತಲೆಯಲ್ಲಿ ಕುಟುಂಬ ಯೋಜನೆ ಎಂದರೆ ಮದುವೆಯಾದ, ಎರಡು ಮಕ್ಕಳಿರುವ ಹೆಂಗಸು. ಅದು ನಮ್ಮ ಅಂಕಿಅಂಶಗಳು ಕಲಿಸಿದ ಚಿತ್ರ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 68.7 ಮಂದಿ ಯಾವುದೋ ಒಂದು ಗರ್ಭನಿರೋಧಕ ವಿಧಾನ ಬಳಸುತ್ತಿದ್ದರು; ಒಟ್ಟು ವಿವಾಹಿತೆಯರಲ್ಲೇ ಶೇ. 57.4 ಮಂದಿ ‘ಆಪರೇಷನ್’ ಮಾಡಿಸಿಕೊಂಡವರು. ಆಪರೇಷನ್ ಒಮ್ಮೆ ಆದರೆ ಆಯಿತು. ಆಶಾ ಕಾರ್ಯಕರ್ತೆಗೂ ಗೊತ್ತು, ಅತ್ತೆಗೂ ಗೊತ್ತು, ಕೇಳಿದರೆ ಹೇಳುತ್ತಾರೆ. ಅಳೆಯುವವನಿಗೆ ಇಷ್ಟು ಸುಲಭದ ಊರು ಬೇರೆ ಸಿಗದು.

ಕೀನ್ಯಾದ 2022ರ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆ ತೆರೆಯಿರಿ. ಒಟ್ಟು ಅಂಕಿ ನಮ್ಮದಕ್ಕಿಂತ ಬಹಳ ದೂರವೇನಿಲ್ಲ: ಒಡನಾಡಿಯೊಂದಿಗೆ ಬಾಳುವ ಮಹಿಳೆಯರಲ್ಲಿ ಶೇ. 63, ಆಧುನಿಕ ವಿಧಾನಗಳಷ್ಟೇ ಆದರೆ ಶೇ. 57. ಒಳಗೆ ಮಾತ್ರ ಬೇರೆಯೇ ಲೋಕ. ಮೂರು ತಿಂಗಳ ಚುಚ್ಚುಮದ್ದು, ತೋಳಿನಲ್ಲಿ ಹುದುಗಿಸುವ ಕಡ್ಡಿ, ಇವೆರಡೇ ಸೇರಿ ಆಧುನಿಕ ವಿಧಾನಗಳ ಬಳಕೆಯಲ್ಲಿ ಸುಮಾರು ಮೂರನೇ ಎರಡರಷ್ಟು. ಆಪರೇಷನ್ ಇಲ್ಲಿ ಬೆರಳೆಣಿಕೆ. ಚುಚ್ಚುಮದ್ದು ಇಂದು ಇದೆ, ಮುಂದಿನ ತಿಂಗಳು ತಪ್ಪಿಹೋಗಬಹುದು. ಕಡ್ಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ಹಾಕಿಸಿಕೊಂಡವಳು ಮದುವೆಯಾದವಳೇ ಆಗಿರಬೇಕೆಂದೂ ಇಲ್ಲ.

ನಾನು ಮಾಡಿದ್ದು ಏನೆಂದರೆ, ಊರಿನಿಂದ ತಂದ ಪ್ರಶ್ನಾವಳಿಯನ್ನು ಸ್ವಾಹಿಲಿಗೆ ಹಾಕಿಸಿದ್ದು. ‘ಉಮೆಓಲೆವಾ?’ ಅಂದರೆ ಮದುವೆಯಾಗಿದೆಯೇ. ಅನುವಾದಕ ತಪ್ಪೇನೂ ಮಾಡಿರಲಿಲ್ಲ, ಕೇಳಿದ್ದನ್ನು ಕೊಟ್ಟಿದ್ದ. ಆದರೆ ನೈರೋಬಿಯಲ್ಲಿ ‘ಕಮ್-ವಿ-ಸ್ಟೇ’ ಎಂದೊಂದು ಮಾತಿದೆ. ಬಾ, ಒಟ್ಟಿಗಿರೋಣ. ನಮ್ಮ ಕಡೆ ಹಿರಿಯರು ಕೂಡಾವಳಿ ಎನ್ನುತ್ತಿದ್ದರಲ್ಲ, ಸುಮಾರಾಗಿ ಅದರ ಹತ್ತಿರದ್ದು. ಒಂದೇ ಕೋಣೆ, ಇಬ್ಬರು ಮಕ್ಕಳು, ಎಂಟು ವರ್ಷದ ಸಂಸಾರ, ಆದರೂ ‘ಮದುವೆ’ ಆಗಿಲ್ಲ, ಏಕೆಂದರೆ ‘ಡೌರಿ’ ಕೊಟ್ಟಿಲ್ಲ. ಈ ಪದ ಕೇಳಿ ಬೆಚ್ಚಬೇಡಿ. ಇಲ್ಲಿ ಡೌರಿ ಎಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವುದು, ನಮ್ಮ ಹಳೆಯ ತೆರ. (ಈ ಒಂದು ವಿಷಯದಲ್ಲಿ ಯಾವ ದೇಶದ ಪದ್ಧತಿ ಮೇಲು ಎಂದು ನನ್ನನ್ನು ಕೇಳಿದರೆ ಉತ್ತರಕ್ಕೆ ತಡವರಿಸುವುದಿಲ್ಲ.)

ಇಂಥ ಸಂಸಾರದವಳು ಏನೆಂದು ಉತ್ತರಿಸುತ್ತಾಳೆ? ಅದು ಕೇಳುವವರ ಮೇಲೆ, ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದರ ಮೇಲೆ. ಬಟ್ಟೆ ಒಣಹಾಕಲು ಬಂದ ನೆರೆಯವಳ ಎದುರು ‘ಹೌದು’. ತನ್ನದೇ ವಯಸ್ಸಿನ ಸಮೀಕ್ಷಕಿಯ ಜೊತೆ ಒಬ್ಬಳೇ ಇದ್ದಾಗ ನಕ್ಕು ‘ಎಲ್ಲಿಯ ಮದುವೆ’. ಎರಡೂ ಸುಳ್ಳಲ್ಲ. ನಮ್ಮ ಫಾರ್ಮ್ ಮಾತ್ರ ಎರಡನೆಯವಳನ್ನು ಇಪ್ಪತ್ತು ಪ್ರಶ್ನೆ ದಾಟಿಸಿ ಮನೆಯ ಛಾವಣಿ ಯಾವುದರದ್ದು ಎಂದು ಕೇಳುತ್ತಿತ್ತು.

ಮೂರು ವಾರ ನಮಗೆ ಯಾಕೆ ತಿಳಿಯಲಿಲ್ಲ ಎಂಬುದೇ ಇದರ ಕೆಟ್ಟ ಭಾಗ. ಲೆಕ್ಕಕ್ಕಾಗಿ ನೂರು ಮಹಿಳೆಯರನ್ನು ಊಹಿಸಿಕೊಳ್ಳಿ. ನಲವತ್ತು ಜನ ಮದುವೆಯಾದವರು, ಅವರಲ್ಲಿ 24 ಜನ ಬಳಸುವವರು. ಇಪ್ಪತ್ತು ಜನ ಕಮ್-ವಿ-ಸ್ಟೇ, ಅವರಲ್ಲಿ 12. ಉಳಿದ ನಲವತ್ತರಲ್ಲಿ ಇನ್ನೂ 12. ನನ್ನ ಫಾರ್ಮ್ 24ನ್ನು ನಲವತ್ತರಿಂದ ಭಾಗಿಸಿ ಶೇ. 60 ಎಂದಿತು. ರಾಷ್ಟ್ರೀಯ ಸಮೀಕ್ಷೆಯ ಆಸುಪಾಸಿನ ಅಂಕಿ! ಎಲ್ಲರೂ ತಲೆದೂಗಿದೆವು. ಮದುವೆಯಾದವರನ್ನೂ ಕಮ್-ವಿ-ಸ್ಟೇಯವರನ್ನೂ ಸರಿಯಾಗಿ ಒಂದುಗೂಡಿಸಿದರೂ 60ರಲ್ಲಿ 36, ಮತ್ತೆ ಶೇ. 60. ತಪ್ಪು ಫಾರ್ಮ್ ಸರಿಯಾದ ಶೇಕಡಾವಾರನ್ನೇ ಕೊಟ್ಟಿತ್ತು. ಆದರೆ ನಮಗೆ ಹಣ ಕೊಟ್ಟವರು ಕೇಳಿದ್ದು ಎಲ್ಲ ಮಹಿಳೆಯರ ಲೆಕ್ಕ, ಎಷ್ಟು ಚುಚ್ಚುಮದ್ದು, ಎಷ್ಟು ಕಡ್ಡಿ ತರಿಸಬೇಕು ಎಂಬ ಅಂದಾಜಿಗಾಗಿ. ಅದು ನೂರಕ್ಕೆ 48. ನಮ್ಮಲ್ಲಿ ಇದ್ದದ್ದು 24. ಆ ಅಂಕಿ ನಂಬಿ ಸಾಮಗ್ರಿ ತರಿಸಿದ್ದರೆ ಅರ್ಧ ಹೆಂಗಸರು ಬರಿಗೈಯಲ್ಲಿ ಮನೆಗೆ ಹೋಗಬೇಕಿತ್ತು.

ಕಂಡುಹಿಡಿದವಳು ಕಯೋಲೆ ಬಡಾವಣೆಯ ಒಬ್ಬ ಸಮೀಕ್ಷಕಿ. ಶನಿವಾರ ಸಂಜೆ ಲೆಕ್ಕ ಕೊಡಲು ಬಂದವಳು, ‘ಅರ್ಧದಷ್ಟು ಸಂದರ್ಶನ ಎಂಟು ನಿಮಿಷಕ್ಕೆ ಮುಗಿಯುತ್ತಿದೆ, ನನಗೆ ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗುತ್ತಿದೆ’ ಎಂದಳು. ಫೋನಿನಲ್ಲಿ ಪ್ರತಿ ಸಂದರ್ಶನದ ಆರಂಭ, ಅಂತ್ಯದ ಸಮಯ ದಾಖಲಾಗಿಯೇ ಇತ್ತು. ಮೂರು ವಾರದಲ್ಲಿ ನಾನು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಆದ್ದರಿಂದ ಪ್ರಶ್ನೆ ಹೀಗಿರಲಿ: ‘ಈಗ ನೀವು ಮದುವೆಯಾಗಿದ್ದೀರಾ, ಅಥವಾ ಗಂಡಹೆಂಡಿರಂತೆ ಒಬ್ಬರ ಜೊತೆ ಬಾಳುತ್ತಿದ್ದೀರಾ?’ ಮೂರು ಉತ್ತರ ಇಡಿ, ಎರಡಲ್ಲ. ಮತ್ತು ಯಾವ ಉತ್ತರ ಬಂದರೂ ಜಿಗಿಸಬೇಡಿ. ಬಳಕೆಯ ಪ್ರಶ್ನೆಯನ್ನು 15ರಿಂದ 49ರ ವಯಸ್ಸಿನ ಎಲ್ಲ ಹೆಂಗಸರಿಗೂ ಕೇಳಿ. ಅವಿವಾಹಿತೆಯನ್ನು ಇದನ್ನು ಕೇಳುವುದು ಹೇಗೆ ಎಂದು ನಮ್ಮವರಿಗೆ ಬಾಯಿ ಕಟ್ಟುತ್ತದೆ; ದಾವಣಗೆರೆಯವಳೂ ಅದನ್ನೇ ಅಂದಳು. ಕಟ್ಟುವುದು ನಮ್ಮ ಬಾಯಿ, ಅವರದ್ದಲ್ಲ. ಇಲ್ಲಿ ಲೈಂಗಿಕವಾಗಿ ಸಕ್ರಿಯರಾಗಿರುವ ಅವಿವಾಹಿತೆಯರ ಬಳಕೆ ಮದುವೆಯಾದವರಿಗಿಂತ ಕಡಿಮೆಯೇನೂ ಇಲ್ಲ. ವರದಿಯಲ್ಲಿ ಯಾವ ಛೇದದಿಂದ, ಅಂದರೆ ಯಾವ ಹೆಂಗಸರ ಒಟ್ಟು ಸಂಖ್ಯೆಯಿಂದ, ಭಾಗಿಸಿದಿರಿ ಎಂಬುದನ್ನು ಪ್ರತಿ ಕೋಷ್ಟಕದ ತಲೆಯ ಮೇಲೆ ಬರೆಯಿರಿ, ಅಡಿಟಿಪ್ಪಣಿಯಲ್ಲಿ ಬಚ್ಚಿಡಬೇಡಿ.

ಹಾಗೆಯೇ ‘ಕುಟುಂಬ ಯೋಜನೆ ಮಾಡುತ್ತಿದ್ದೀರಾ?’ ಎಂದು ಒಂದೇ ಏಟಿಗೆ ಕೇಳಬೇಡಿ. ಹತ್ತೊಂಬತ್ತರ ಹುಡುಗಿಗೆ ಯೋಜಿಸಲು ಕುಟುಂಬವೇ ಇಲ್ಲ, ‘ಇಲ್ಲ’ ಎನ್ನುತ್ತಾಳೆ. ಅವಳ ಚೀಲದಲ್ಲಿ ಪಿ-2 ಇರುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆಗೆ ನೈರೋಬಿಯ ಹೆಸರು ಅದು. ಪ್ರತಿ ಗಲ್ಲಿಯ ಕೆಮಿಸ್ಟ್ ಬಳಿ ಸಿಗುತ್ತದೆ. ವಿಧಾನಗಳ ಹೆಸರನ್ನು ಒಂದೊಂದಾಗಿ, ಅವರು ಕರೆಯುವಂತೆಯೇ ಕೇಳಿ: ಸಿಂದಾನೋ, ಕಾಯಿಲ್, ಪಿ-2. ಸಿಂದಾನೋ ಎಂದರೆ ಚುಚ್ಚುಮದ್ದು, ನಾವು ವಂಕಿ ಎನ್ನುವುದು ಇಲ್ಲಿ ಕಾಯಿಲ್.

ಇಷ್ಟಾದ ಮೇಲೆ ಬಾಗಿಲು ತೆರೆಯಬೇಕಲ್ಲ. ಮಥಾರೆಯಂಥ ಕೊಳೆಗೇರಿಗಳಲ್ಲಿ ಹೆಂಗಸರು ಬೆಳಗ್ಗೆಯೇ ಬಟ್ಟೆ ಒಗೆಯುವ ಕೂಲಿಗೆ ಹೊರಡುತ್ತಾರೆ. ಹಗಲು ಹೋದರೆ ನಿಮಗೆ ಸಿಗುವವರು ಬಾಣಂತಿಯರು, ಅಂಗಡಿಯವರು ಮಾತ್ರ, ಅಂಕಿ ಅತ್ತ ವಾಲುತ್ತದೆ. ಎಂಬಾಕಾಸಿಯ ಪೈಪ್‌ಲೈನ್‌ನಲ್ಲಿ ಏಳೆಂಟು ಅಂತಸ್ತಿನ ವಠಾರಗಳು. ಅಲ್ಲಿ ಚೀಫ್‌ಗಿಂತ ದೊಡ್ಡವನು ಕೇರ್‌ಟೇಕರ್. ಅನುಕೂಲಸ್ಥರ ಕಿಲಿಮಾನಿಯ ಗೇಟಿನಲ್ಲಿ ಅಸ್ಕಾರಿ, ಅಂದರೆ ಕಾವಲುಗಾರ, ನಿಮ್ಮನ್ನು ಒಳಗೇ ಬಿಡುವುದಿಲ್ಲ. ಆ ಮನೆಗಳನ್ನು ಸುಮ್ಮನೆ ಪಕ್ಕದ ಮನೆಗೆ ಬದಲಾಯಿಸಬೇಡಿ, ‘ಸಿಗಲಿಲ್ಲ’ ಎಂದೇ ದಾಖಲಿಸಿ. ಡಿಸೆಂಬರಿನಲ್ಲಿ ಕ್ಷೇತ್ರಕಾರ್ಯ ಇಡಬೇಡಿ, ಅರ್ಧ ನಗರ ಉಷಾಗೋಗೆ, ಅಂದರೆ ಹುಟ್ಟೂರಿಗೆ, ಹೋಗಿರುತ್ತದೆ. ನೀವಂತೂ ಸಮೀಕ್ಷಕಿಯ ಹಿಂದೆ ಕೋಣೆಯೊಳಗೆ ಹೋಗಲೇಬೇಡಿ. ‘ಮ್ಹಿಂದಿ’, ಅಂದರೆ ಭಾರತೀಯ, ಮುಖ ಕಂಡರೆ ಡಾಕ್ಟರೋ ಅಂಗಡಿ ಮಾಲೀಕರೋ ಬಂದರೆಂದು ಉತ್ತರದ ಧಾಟಿಯೇ ಬದಲಾಗುತ್ತದೆ.

ಸಮುದಾಯ ಆರೋಗ್ಯ ಪ್ರವರ್ತಕಿಯರು ಇಲ್ಲಿನ ಆಶಾಗಳು. 2023ರಲ್ಲಿ ದೇಶದಾದ್ಯಂತ ಒಂದು ಲಕ್ಷ ಜನರಿಗೆ ಕಿಟ್ ಕೊಟ್ಟರು. ದಾರಿ ತೋರಿಸಲು ಅವರನ್ನು ಕರೆದುಕೊಂಡು ಹೋಗಿ, ಸಂದರ್ಶನದ ಹೊತ್ತಿಗೆ ದೂರ ಕಳಿಸಿ. ಮನೆಮನೆಯ ಬಸುರಿ ಬಾಣಂತಿಯ ಲೆಕ್ಕ ಬಾಯಲ್ಲಿಟ್ಟುಕೊಂಡಿರುವ ನಮ್ಮ ಆಶಾಗಳನ್ನು ಕಂಡವರಿಗೆ ಇಲ್ಲಿನ ವ್ಯವಸ್ಥೆ ಇನ್ನೂ ಎಳೆಯದು ಎನ್ನಿಸುತ್ತದೆ. ಆದರೆ ಎರಡನೆಯ ಹೆರಿಗೆಯಾಗುತ್ತಲೇ ಆಪರೇಷನ್ ಎಂದು ನಮ್ಮಲ್ಲಿ ಹೆಚ್ಚಿನವರು ಹಿಡಿಯುವ ಒಂದೇ ದಾರಿಗಿಂತ ಇಲ್ಲಿನ ಆಯ್ಕೆಯ ಹರವು ನನಗೆ ಮೇಲೆನಿಸುತ್ತದೆ. ಸ್ವಲ್ಪ ಕಾಲ ಸಾಕು ಎನ್ನುವವಳಿಗೆ ಇಲ್ಲಿ ಜಾಗವಿದೆ.

ಲಭ್ಯತೆ ಅಳೆಯುವಾಗ ಆಸ್ಪತ್ರೆಯಲ್ಲಿ ‘ಇದೆಯೇ?’ ಎಂದು ಕೇಳಬೇಡಿ, ‘ತೋರಿಸಿ’ ಎನ್ನಿ. ಕಡ್ಡಿ ಇರುತ್ತದೆ, ಮರಗಟ್ಟಿಸುವ ಮದ್ದು ಇರುವುದಿಲ್ಲ. ಎರಡೂ ಇರುತ್ತವೆ, ತರಬೇತಾದ ನರ್ಸ್ ಮಂಗಳವಾರ ಮಾತ್ರ. ಮುಷ್ಕರದ ದಿನಾಂಕಗಳನ್ನೂ ಬರೆದಿಟ್ಟುಕೊಳ್ಳಿ: 2017ರಲ್ಲಿ ನರ್ಸ್‌ಗಳ ಮುಷ್ಕರ ಐದು ತಿಂಗಳು ನಡೆಯಿತು. ಆ ಅವಧಿಯ ಅಂಕಿಯನ್ನು ಹಿಂದುಮುಂದಿನ ವರ್ಷದೊಂದಿಗೆ ಹೋಲಿಸಿದರೆ ನಗುಪಾಟಲು.

ಮತ್ತೆ ಊರೆಲ್ಲ ಸುತ್ತಿ ಹೊಸ ಫಾರ್ಮ್ ತುಂಬಿಸಿದ ವಾರದಲ್ಲಿ ಪೈಪ್‌ಲೈನ್‌ನ ಐದನೆಯ ಮಹಡಿಯ ಹೆಂಗಸೊಬ್ಬಳ ವಿಷಯವನ್ನು ಅದೇ ಕಯೋಲೆಯವಳು ಬಂದು ಹೇಳಿದಳು. ಎಡದೋಳಿನ ಒಳಗಡೆ ಚರ್ಮದಡಿಯ ಎರಡು ಕಡ್ಡಿಗಳನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿದಳಂತೆ. ಐದು ವರ್ಷದ್ದು, ಹಾಕಿಸಿ ಆರಾಗಿತ್ತು. ತೆಗೆಸಲು ಎರಡು ಸಲ ಹೋಗಿದ್ದಳು. ಒಮ್ಮೆ ತೆಗೆಯುವವರು ಇರಲಿಲ್ಲ, ಇನ್ನೊಮ್ಮೆ ಉಚಿತವೆಂದು ಫಲಕವಿದ್ದ ಕಡೆಯೇ ದುಡ್ಡು ಕೇಳಿದರು. ನಮ್ಮ ಫಾರ್ಮಿನಲ್ಲಿ ಅವಳು ‘ಆಧುನಿಕ ವಿಧಾನದ ಪ್ರಸ್ತುತ ಬಳಕೆದಾರಳು’, ಅಂದರೆ ಕಾರ್ಯಕ್ರಮದ ಯಶಸ್ಸು. ತೆಗೆಸಲು ಪ್ರಯತ್ನಿಸಿದ್ದೀರಾ, ಏನಾಯಿತು ಎಂಬ ಪ್ರಶ್ನೆ ಪಿಎಂಎ ಎಂಬ ಅಂತರರಾಷ್ಟ್ರೀಯ ಕುಟುಂಬ ಯೋಜನೆ ಸಮೀಕ್ಷೆಯಲ್ಲಿದೆ, ಅಲ್ಲಿಂದ ಎತ್ತಿಕೊಳ್ಳಿ. ದಾವಣಗೆರೆಯವಳು ಅದನ್ನು ಮೂವತ್ತನೆಯ ಪ್ರಶ್ನೆಯಾಗಿ ಸೇರಿಸಿಕೊಂಡು, ಆರಿಹೋದ ಬಿಸಿಬೇಳೆಬಾತಿಗೆ ಇನ್ನೊಂದು ಚಮಚ ತುಪ್ಪ ಕೇಳಿದಳು.