ಗೋಬರ್ ಗ್ಯಾಸು 200 ಮೀಟರ್ ದಾಟಿ ಹೋಗುತ್ತದೆ: ನನ್ನ ಅನುಭವ

ಗೋಬರ್ ಗ್ಯಾಸು ಕೊಟ್ಟಿಗೆಯಿಂದ ಮೂವತ್ತು ಮೀಟರ್ ಆಚೆ ಹೋದರೆ ಉರಿಯುವುದಿಲ್ಲ ಅನ್ನುವುದು ನಮ್ಮ ಕಡೆ ಗಟ್ಟಿಯಾಗಿ ಕೂತ ಮಾತು. ಸಿಂಧನೂರು ತಾಲೂಕಿನ ನಮ್ಮ ಕ್ಯಾಂಪಿನಲ್ಲಿ, ಅಂದರೆ ನಮ್ಮ ಸಣ್ಣ ಊರಿನಲ್ಲಿ, ಈಗ ಹನ್ನೆರಡು ಮನೆಯ ಒಲೆಗಳು ಒಂದೇ ಪೈಪಿನಿಂದ ಉರಿಯುತ್ತಿವೆ. ಕೊನೆಯ ಮನೆ ಬಲೂನಿನಿಂದ, ಅಂದರೆ ಸೆಗಣಿ ಕೊಳೆತು ಗ್ಯಾಸು ಹುಟ್ಟುವ ದೊಡ್ಡ ಚೀಲದಿಂದ, ಸುಮಾರು 210 ಮೀಟರ್ ದೂರ. ಎರಡು ಬೇಸಿಗೆ, ಎರಡು ಮಳೆಗಾಲ ಕಳೆದಿವೆ. "ಅಷ್ಟು ದೂರ ಹೊಂಟ್ರ ಗ್ಯಾಸ್ ಅಲ್ಲ, ಬರೇ ವಾಸನಿ ಬರ್ತದ ನೋಡ್ರಿ" ಅಂದಿದ್ದ ಹಿರಿಯರ ಮನೆಯೂ ಈ ಹನ್ನೆರಡರಲ್ಲಿ ಸೇರಿದೆ.

ಪ್ಲಾಂಟು ಕಟ್ಟುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಿಮಗೆಲ್ಲ ಗೊತ್ತು. 40 ಎಮ್ಮೆ, ದಿನಕ್ಕೆ ಹತ್ತಿರ 500 ಕಿಲೋ ಸೆಗಣಿ, ಅಷ್ಟೇ ನೀರು. 60 ಘನ ಮೀಟರ್ ಬಲೂನು, ಅದರಲ್ಲಿ ಸ್ಲರಿ (ಸೆಗಣಿ ನೀರಿನ ಕಲಸು) 45. ಸೆಗಣಿಯಿಂದ ದಿನಕ್ಕೆ 20 ಘನ ಮೀಟರ್ ಗ್ಯಾಸು, ಭತ್ತದ ಹುಲ್ಲಿನಿಂದ ಇನ್ನೊಂದು 6-7. ಗ್ಯಾಸು ಹುಟ್ಟಿಸುವುದು ಸುಲಭ. ಅದನ್ನು ತೊಳೆದು, ಒಣಗಿಸಿ, ಒತ್ತಡ ಕೊಟ್ಟು, ಒಲೆಯ ಬಾಯಿಗೆ ಮುಟ್ಟಿಸುವುದೇ ಕೆಲಸ. ದೊಡ್ಡ ಗ್ಯಾಸ್ ಕಂಪನಿಗಳ ಲೆಕ್ಕವೂ ಇದೇ. ಮುಂಬೈ ಕಡೆಯ ದಕ್ಷಿಣ ಬಸೀನ್‌ನ ಸಮುದ್ರದ ಬಾವಿಯಿಂದ ಬರುವ ಗಂಧಕದ ಗ್ಯಾಸನ್ನು ಗುಜರಾತಿನ ಹಜೀರಾದಲ್ಲಿ ತೊಳೆದ ಮೇಲೆಯೇ ಪೈಪಿಗೆ ಬಿಡುತ್ತಾರೆ. ಹಡಗಿನಲ್ಲಿ ಮೈನಸ್ 162 ಡಿಗ್ರಿಯ ದ್ರವವಾಗಿ ಮಹಾರಾಷ್ಟ್ರದ ದಾಭೋಲ್‌ಗೆ ಬಂದದ್ದನ್ನು ಮತ್ತೆ ಗ್ಯಾಸು ಮಾಡಿ ಬೆಳಗಾವಿ, ಧಾರವಾಡ, ಗದಗ ಹಾದು ಬೆಂಗಳೂರಿಗೆ ಒಯ್ಯುತ್ತಾರೆ. ಆ ಸರಪಳಿಯ ಒಂದೊಂದು ಕೊಂಡಿಯನ್ನೂ ನಾವು ಡ್ರಮ್ಮು, ಪೈಪುಗಳಲ್ಲಿ ಚಿಕ್ಕದಾಗಿ ಮಾಡಬೇಕಾಯಿತು. ಒಂದು ಕೊಂಡಿ ಬಿಟ್ಟಲ್ಲೆಲ್ಲ ಕೆಟ್ಟಿತು.

ಮೊದಲು ಕೆಟ್ಟದ್ದು ಪೈಪಿನ ಅಳತೆ. ಹನಿ ನೀರಾವರಿಯ 32 ಎಂಎಂ ಪೈಪು ಮನೆಯಲ್ಲೇ ಇತ್ತೆಂದು ಅದನ್ನೇ ಎಳೆದದ್ದು ತಪ್ಪು. ಸಂಜೆ ಏಳಕ್ಕೆ ಎಲ್ಲರೂ ಒಲೆ ಹಚ್ಚಿದಾಗ ಗಂಟೆಗೆ 6 ಘನ ಮೀಟರ್ ಹರಿಯಬೇಕು. 32ರ ಪೈಪಿನಲ್ಲಿ 200 ಮೀಟರಿಗೆ ಆಗುವ ಒತ್ತಡದ ನಷ್ಟವೇ ನೀರಿನ ಲೆಕ್ಕದಲ್ಲಿ 12 ಸೆಂಟಿಮೀಟರ್, ಅಂದರೆ ಅಷ್ಟು ಎತ್ತರದ ನೀರಿನ ಭಾರ. ಬಲೂನಿನ ಸ್ವಂತ ಒತ್ತಡ 2-3 ಸೆಂಟಿಮೀಟರ್ ದಾಟುವುದಿಲ್ಲ. ಕೊನೆಯ ನಾಲ್ಕು ಮನೆಗೆ ಬರಬೇಕೆಂದರೆ ಎಲ್ಲಿಂದ ಬಂದೀತು? 63 ಎಂಎಂ ಹಾಕಿದ ಮೇಲೆ ಅದೇ ಹರಿವಿಗೆ ನಷ್ಟ ಅರ್ಧ ಸೆಂಟಿಮೀಟರ್. ಪೈಪಿನ ಒಳ ಅಗಲ ಎರಡು ಪಟ್ಟಾದರೆ ನಷ್ಟ ಹೆಚ್ಚುಕಡಿಮೆ ಮೂವತ್ತನೇ ಒಂದು ಪಾಲಿಗೆ ಇಳಿಯುತ್ತದೆ. "ದೂರ ಹೋಗಲ್ಲ" ಅನ್ನುವ ಮಾತು ಹುಟ್ಟಿದ್ದೇ ಸಣ್ಣ ಪೈಪಿನಿಂದ. 32ನ್ನು ಈಗ ಮೇನ್ ಪೈಪಿನಿಂದ ಮನೆಯ ಗೋಡೆವರೆಗೆ ಮಾತ್ರ ಬಳಸುತ್ತೇವೆ, ಅಲ್ಲಿಂದ ಒಳಗೆ ಅರ್ಧ ಇಂಚು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಹಾಳಾದ ಮೊದಲ ಪೈಪು, ಅಗೆತ, ಕೂಲಿ ಸೇರಿ ಮೂವತ್ತು ಸಾವಿರದ ಹತ್ತಿರ ಮಣ್ಣಿಗೆ ಹೋಯಿತು.

ಎರಡನೆಯ ಪೆಟ್ಟು ಎರೆ ಭೂಮಿಯದು. ಮೇ ತಿಂಗಳಲ್ಲಿ ನಮ್ಮ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಒಂದೂವರೆ ಅಡಿ ಆಳದಲ್ಲಿ ಬಿಗಿಯಾಗಿ ಹೂತ ಪೈಪಿನ ಜಾಯಿಂಟು ಮೊದಲ ಮುಂಗಾರಿಗೇ ಮೂರು ಕಡೆ ಬಿಟ್ಟಿತು. ಮಣ್ಣಿನದೊಂದೇ ತಪ್ಪಲ್ಲ. ಮೇ ಮಧ್ಯಾಹ್ನ ಬಿಸಿಲಲ್ಲಿ ಬಿದ್ದ ಕಪ್ಪು ಪೈಪು 60 ಡಿಗ್ರಿ ಮುಟ್ಟಿರುತ್ತದೆ. ಅದನ್ನು ಹಾಗೇ ನೆಟ್ಟಗೆ ಎಳೆದು ಮುಚ್ಚಿದರೆ, ಮಣ್ಣಿನಲ್ಲಿ 30ಕ್ಕೆ ಇಳಿಯುವಾಗ 200 ಮೀಟರಿಗೆ ಒಂದು ಮೀಟರಿನಷ್ಟು ಕುಗ್ಗಲು ನೋಡುತ್ತದೆ. ಆ ಎಳೆತ ಜಾಯಿಂಟಿನ ಮೇಲೆ ಬೀಳುತ್ತದೆ. ಈಗ ಮೂರು ಅಡಿ ಆಳ, ತಳಕ್ಕೆ ಮರಂ (ಗರಸು ಮಣ್ಣು), ಪೈಪಿನ ಸುತ್ತ ಆರು ಇಂಚು ಮರಳು, ಪೈಪು ಹಾವಿನ ಹಾಗೆ ಡೊಂಕಾಗಿ ಮಲಗಿರಬೇಕು. ಮುಚ್ಚುವುದು ನಸುಕಿನಲ್ಲಿ ಮಾತ್ರ. ಮೇಲೆ ಒಂದಡಿ ಬಿಟ್ಟು ಹಳದಿ ಟೇಪು, ಟ್ರ್ಯಾಕ್ಟರಿನವರಿಗೆ ಗೊತ್ತಾಗಲಿ ಅಂತ. ಜಾಯಿಂಟಿಗೆ ಹಂಚು ಕಾಯಿಸಿ ಅಂದಾಜಿನಲ್ಲಿ ಒತ್ತುವ ಪದ್ಧತಿ ನೀರಿಗೆ ನಡೆದೀತು, ಗ್ಯಾಸಿಗೆ ನಡೆಯದು. 210-220 ಡಿಗ್ರಿ ತೋರಿಸುವ ಹೀಟರ್ ಪ್ಲೇಟೇ ಬೇಕು, ಒತ್ತಿ ಹಿಡಿದ ಮೇಲೆ ಪೂರ್ತಿ ಆರುವವರೆಗೆ ಅಲುಗಾಡಿಸಬಾರದು. ಮುಚ್ಚುವ ಮುಂಚೆ ಗಾಳಿ ತುಂಬಿ, ಸೋಪಿನ ನೊರೆ ಹಚ್ಚಿ, ಒಂದು ರಾತ್ರಿ ಬಿಟ್ಟು ಗೇಜು ನೋಡುತ್ತೇವೆ.

ನೀರಿನ ಕಾಟ ಬೇರೆ. ಬಲೂನಿನಿಂದ 35 ಡಿಗ್ರಿಯಲ್ಲಿ ಹೊರಡುವ ಗ್ಯಾಸು ತನ್ನೊಳಗೆ ಘನ ಮೀಟರಿಗೆ 40 ಗ್ರಾಂ ಆವಿ ಹೊತ್ತಿರುತ್ತದೆ. ನೆಲದೊಳಗೆ 27ಕ್ಕೆ ತಣ್ಣಗಾದಾಗ ಅದರಲ್ಲಿ 14 ಗ್ರಾಂ ನೀರಾಗಿ ಇಳಿಯುತ್ತದೆ. ದಿನಕ್ಕೆ ಕಾಲು ಲೀಟರು. ತಗ್ಗಿನಲ್ಲಿ ನಿಂತರೆ ಉರಿ ಮೊದಲು ಕುಣಿಯುತ್ತದೆ, ಆಮೇಲೆ ಆರುತ್ತದೆ. ನೂರಕ್ಕೆ ಒಂದು ಇಳಿಜಾರು ಕೊಟ್ಟು, ಎರಡು ತಗ್ಗಿನಲ್ಲಿ ಎರಡು ಲೀಟರಿನ ಪಾತ್ರೆ ಇಟ್ಟು ನಲ್ಲಿ ಹಾಕಿದ್ದೇವೆ. ವಾರಕ್ಕೊಮ್ಮೆ ಬಿಚ್ಚಿದರೆ ಸಾಕು. ಇಳಿಜಾರು ನೀರು ತುಂಬಿದ ಲೆವೆಲ್ ಪೈಪಿನಿಂದ ನೋಡಿರಿ. ಕಣ್ಣಳತೆಯಿಂದ ನಮಗೆ ಒಮ್ಮೆ ಹನ್ನೆರಡು ಮೀಟರ್ ಮತ್ತೆ ಅಗೆಯಬೇಕಾಯಿತು.

ಒತ್ತಡದ ಬಗ್ಗೆ. ಊರಿನ ಪೈಪ್ ಗ್ಯಾಸಿನವರು ಉಕ್ಕಿನ ಪೈಪಿನಲ್ಲಿ ಬಂದದ್ದನ್ನು ಓಣಿಯ ಪ್ಲಾಸ್ಟಿಕ್ ಪೈಪಿನಲ್ಲಿ 4 ಬಾರ್‌ಗೆ ಇಳಿಸಿ, ಒಲೆಯ ಮುಂದೆ 21 ಮಿಲಿಬಾರ್‌ಗೆ, ಅಂದರೆ ನೀರಿನ ಲೆಕ್ಕದಲ್ಲಿ 21 ಸೆಂಟಿಮೀಟರಿಗೆ ತರುತ್ತಾರೆ. ನಮಗೆ ಒಲೆಯ ಹತ್ತಿರ 8 ಸೆಂಟಿಮೀಟರ್ ಇದ್ದರೆ ಸಾಕು. ಸಣ್ಣ ಬಯೋಗ್ಯಾಸ್ ಪಂಪು ಇಟ್ಟು ಹೊರಡುವಲ್ಲಿ 15 ಇಟ್ಟಿದ್ದೇವೆ. ಪಂಪು ಯಾವತ್ತೂ ಬಲೂನನ್ನು ಹೀರಿ ಚಪ್ಪಟೆ ಮಾಡಬಾರದು. ಮಾಡಿದರೆ ಎಲ್ಲೋ ಸಡಿಲ ಇದ್ದ ಜಾಯಿಂಟಿನಿಂದ ಗಾಳಿ ಒಳಗೆ ಬರುತ್ತದೆ, ಗ್ಯಾಸಿಗೆ ಗಾಳಿ ಕೂಡುವುದು ಬೆಂಕಿಯ ಮನೆಗೆ ದಾರಿ. ಬಲೂನಿನ ನೆತ್ತಿಗೆ ಒಂದು ಹಗ್ಗ ಕಟ್ಟಿ ಲಿಮಿಟ್ ಸ್ವಿಚ್ಚಿಗೆ ಜೋಡಿಸಿದ್ದೇವೆ. ನೆತ್ತಿ ಇಳಿದರೆ ಪಂಪು ತಾನೇ ನಿಲ್ಲುತ್ತದೆ. ಎಲ್ಲ ಒಲೆಗಳೂ ಬಂದ್ ಆದಾಗ ಗ್ಯಾಸು ಬೈಪಾಸ್ ಪೈಪಿನಲ್ಲಿ ಬಲೂನಿಗೆ ಮರಳುತ್ತದೆ. ಅದಕ್ಕೂ ಮೀರಿದರೆ ಗ್ಯಾಸು ಬಯಲಿಗೆ ಹೋಗಲು 30 ಸೆಂಟಿಮೀಟರ್ ನೀರಿನ ಯು ಪೈಪಿದೆ. ನಮ್ಮ ಬಿಸಿಲಿಗೆ ಅದರ ನೀರು ವಾರದಲ್ಲಿ ಆರುತ್ತದೆ. ಬಯಲಿಗೆ ತೆರೆದ ಬದಿಯಲ್ಲಿ ನೀರಿನ ಮೇಲೆ ಒಂದು ಬೆರಳು ಹಳೇ ಎಂಜಿನ್ ಆಯಿಲ್ ಬಿಟ್ಟ ಮೇಲೆ ತಿಂಗಳು ತಡೆಯುತ್ತಿದೆ.

ಕರೆಂಟು ಹೋದಾಗ? ಬಲೂನಿನ ಮೇಲೆ ಭಾರ. ಚದರ ಮೀಟರಿಗೆ 10 ಕಿಲೋ ಇಟ್ಟರೆ ಒಂದು ಸೆಂಟಿಮೀಟರ್ ಒತ್ತಡ. ನಮ್ಮದು ಬೇರೆ ಒಂದು 12 ಘನ ಮೀಟರಿನ ಸಂಗ್ರಹದ ಚೀಲ, ಮೇಲ್ಭಾಗ ಹನ್ನೆರಡು ಚದರ ಮೀಟರ್. 18 ಕಿಲೋದ 20 ಮರಳಿನ ಚೀಲ ಹರಡಿದರೆ 3 ಸೆಂಟಿಮೀಟರ್ ಏರುತ್ತದೆ. ಉರಿ ಮೆತ್ತಗಿರುತ್ತದೆ, ಅನ್ನ ಬೇಯುತ್ತದೆ. ಸಂಗ್ರಹದ ಚೀಲ ಬೇಡ, ಪೈಪಿನಲ್ಲೇ ಗ್ಯಾಸು ಇರುತ್ತದೆ ಅನ್ನುವವರಿಗೆ ಒಂದು ಮಾತು: ದೊಡ್ಡ ಪೈಪ್‌ಲೈನಿನಲ್ಲಿ ಹತ್ತಾರು ಬಾರ್ ಒತ್ತಡ ಇರುವುದರಿಂದ ಪೈಪೇ ಗೋದಾಮು ಆಗುತ್ತದೆ. ನಮ್ಮ ಪೈಪಿನಲ್ಲಿ ಹಿಡಿಯುವುದು ಅರ್ಧ ಘನ ಮೀಟರ್, ಒಂದು ಒಲೆಗೆ ಒಂದು ಗಂಟೆ.

ಇನ್ನು ಗಂಧಕದ ಕಥೆ, ಇದನ್ನು ಎಲ್ಲರೂ ಕಡೆಗಣಿಸುತ್ತಾರೆ. ಕಚ್ಚಾ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡು, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಗ್ಯಾಸು, ಹತ್ತಿರ 2000 ಪಿಪಿಎಂ (ಹತ್ತು ಲಕ್ಷಕ್ಕೆ 2000 ಪಾಲು) ಬರುತ್ತಿತ್ತು. ಆರು ತಿಂಗಳಲ್ಲಿ ಮೀಟರಿನ ಹಿತ್ತಾಳೆ ಕಪ್ಪಾಯಿತು, ಪಂಪಿನ ಬೇರಿಂಗು ಹೋಯಿತು. ಕಬ್ಬಿಣದ ಆಕ್ಸೈಡು ಅದನ್ನು ಹಿಡಿಯುತ್ತದೆ ಅಂತ ಗೊತ್ತಿತ್ತು, ಪಕ್ಕದ ಜಿಲ್ಲೆಯಲ್ಲೇ ಸಂಡೂರಿನ ಕೆಂಪು ಅದಿರಿದೆ. ಎರಡು ಡ್ರಮ್ಮು ಅದಿರಿನ ಪುಡಿ ತುಂಬಿ ನೋಡಿದೆವು. ಈ ಗಂಧಕ ಉಳಿದಿದ್ದರೆ ತೋರಿಸುವ ಲೆಡ್ ಅಸಿಟೇಟ್ ಕಾಗದ ಮೂರೇ ದಿನಕ್ಕೆ ಕಪ್ಪು. ಅದಿರು ಬಿಗಿಯಾದ ಹರಳು, ಗ್ಯಾಸು ಅದರೊಳಗೆ ಇಳಿಯುವುದಿಲ್ಲ, ಮೇಲ್ಮೈ ತುಂಬಿದರೆ ಮುಗಿಯಿತು. ಸಾಲದ್ದಕ್ಕೆ ನುಣ್ಣನೆ ಪುಡಿ ತೇವಕ್ಕೆ ಗಟ್ಟಿಯಾಗಿ ಗ್ಯಾಸಿಗೇ ಅಡ್ಡ ನಿಂತಿತು. ಕೆಲಸ ಮಾಡಿದ್ದು ತುಕ್ಕು. ಲೇತ್ ಮಷಿನ್ನಿನ ಕಬ್ಬಿಣದ ಸುರುಳಿ, ಕಿಲೋಗೆ ಗುಜರಿ ದರ. ಎಣ್ಣೆ ಹೋಗುವವರೆಗೆ ವಾಷಿಂಗ್ ಸೋಡಾದ ನೀರಲ್ಲಿ ತೊಳೆದು, ಹದಿನೈದು ದಿನ ದಿನಕ್ಕೆರಡು ಸಲ ನೀರು ಚಿಮುಕಿಸಿ ತುಕ್ಕು ಹಿಡಿಸಬೇಕು. ನೀರಿಗೆ ನಾವು ಇನ್ನೊಂದು ವಸ್ತು ಸೇರಿಸುವುದರಿಂದ ನಮ್ಮದು ಆರು ದಿನಕ್ಕೇ ಆಗುತ್ತದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಡ್ರಮ್ಮಿಗೆ 30 ಕಿಲೋ, ಒಂದರ ಹಿಂದೆ ಒಂದು. ಗ್ಯಾಸು ಕೆಳಗಿನಿಂದ ಮೇಲಕ್ಕೆ. ಮೊದಲನೆಯದು ಕಪ್ಪಾದಾಗ ಎರಡನೆಯದನ್ನು ಮುಂದಕ್ಕೆ ತರುವುದು.

ಕಪ್ಪಾದ ಸುರುಳಿಯನ್ನು ಹೊರಗೆ ಹರಡಿದರೆ ಗಾಳಿಗೆ ಮತ್ತೆ ಕೆಂಪಾಗುತ್ತದೆ, ಎರಡು ಮೂರು ಸಲ ಬಳಸಬಹುದು. ಆದರೆ ರಾಶಿ ಹಾಕಬೇಡಿರಿ. ಗಾಳಿ ತಾಕಿದ ಕೂಡಲೇ ಕಾವು ಏರಿ ತಾನಾಗಿಯೇ ಹೊಗೆಯಾಡುತ್ತದೆ, ಹೊಗೆಯಲ್ಲಿ ಗಂಧಕ. ನೀರಲ್ಲಿ ತೋಯಿಸಿ, ನೆರಳಲ್ಲಿ, ಎರಡು ಇಂಚು ತೆಳ್ಳಗೆ, ಹುಲ್ಲಿನ ಬಣವೆಯಿಂದ ದೂರ ಹರಡಿರಿ.

ಮೊದಲು ಒಂದು ಡ್ರಮ್ಮು 20 ದಿನವೂ ಬರುತ್ತಿರಲಿಲ್ಲ. ಈಗ ಮೂರು ತಿಂಗಳು ದಾಟುತ್ತದೆ. ಕಾರಣ ಮೀನಿನ ತೊಟ್ಟಿಯ ಗಾಳಿ ಪಂಪು. ಬಲೂನಿನ ಗ್ಯಾಸಿನ ಭಾಗಕ್ಕೆ, ಗ್ಯಾಸಿನ ನೂರಕ್ಕೆ ಐದರಷ್ಟು ಗಾಳಿ ಬಿಟ್ಟರೆ ಅಲ್ಲಿನ ಸೂಕ್ಷ್ಮಜೀವಿಗಳೇ ಗಂಧಕವನ್ನು ಹಳದಿ ಪುಡಿಯಾಗಿ ಇಳಿಸುತ್ತವೆ. ನಿಮಿಷಕ್ಕೆ ಎರಡೂವರೆ ಲೀಟರಿನ ಪಂಪು, ಟೈಮರ್ ಹಾಕಿ ಗಂಟೆಗೆ 20 ನಿಮಿಷ. 2000 ಇದ್ದದ್ದು 300ರ ಆಸುಪಾಸಿಗೆ ಬಂತು. ಇದು ಅಳೆದು ಬಿಡುವ ಗಾಳಿ, ಜಾಯಿಂಟಿನಿಂದ ಲೆಕ್ಕವಿಲ್ಲದೆ ನುಗ್ಗುವ ಗಾಳಿಯಲ್ಲ. ಐದನ್ನು ದಾಟಬೇಡಿರಿ, ಪಂಪಿನ ನಳಿಗೆಗೆ ಹಿಂದಕ್ಕೆ ಬಿಡದ ವಾಲ್ವು ಹಾಕಿರಿ.

ತೊಳೆದು ತೊಳೆದು ಇನ್ನೊಂದು ಅಪಾಯ ಕಂಡಿತು: ಗ್ಯಾಸಿಗೆ ವಾಸನೆಯೇ ಇಲ್ಲ. ಗೋಬರ್ ಗ್ಯಾಸಿನಲ್ಲಿ ಉರಿಯುವ ಮೀಥೇನಿಗೆ ಸ್ವಂತ ವಾಸನೆ ಇಲ್ಲ. ಸೋರಿಕೆ ಗೊತ್ತಾಗಲಿ ಅಂತಲೇ ಅಡುಗೆ ಗ್ಯಾಸಿಗೂ ಪೈಪ್ ಗ್ಯಾಸಿಗೂ ಮರ್ಕ್ಯಾಪ್ಟನ್ ಅನ್ನುವ ಕಟು ವಾಸನೆಯ ವಸ್ತು ಬೆರೆಸುತ್ತಾರೆ. ನಾವು ಗಂಧಕವನ್ನೇ 40-50 ಪಿಪಿಎಂ ಉಳಿಸುತ್ತೇವೆ, ಎರಡನೇ ಡ್ರಮ್ಮಿಗೆ ಸಣ್ಣ ಬೈಪಾಸ್ ಕೊಟ್ಟು. ಅಡುಗೆ ಮನೆಯಲ್ಲಿ ಸೋರಿಕೆ ಬೆಂಕಿ ಹಿಡಿಯುವ ಮಟ್ಟ ಮುಟ್ಟುವ ಎಷ್ಟೋ ಮೊದಲೇ ಮೂಗಿಗೆ ಗೊತ್ತಾಗುತ್ತದೆ.

ಒಲೆಗೆ ಹಳೇ ಎಲ್‌ಪಿಜಿ ಬರ್ನರೇ ನಡೆಯುತ್ತದೆ, ಗ್ಯಾಸು ಹೊರಬರುವ ತೂತನ್ನು (ಜೆಟ್) 2.3 ಎಂಎಂಗೆ ಕೊರೆದು ಗಾಳಿಯ ಕಿಂಡಿಯನ್ನು ಅರ್ಧ ಮುಚ್ಚಬೇಕು. ಉರಿ ಬರ್ನರಿನಿಂದ ಮೇಲೆ ಹಾರಿದರೆ ಗಾಳಿ ಹೆಚ್ಚು, ಹಳದಿಯಾದರೆ ಕಡಿಮೆ.

ಸಿಲಿಂಡರಿಗೆ ಯಾಕೆ ತುಂಬುವುದಿಲ್ಲ ಅಂತ ವಾರಕ್ಕೊಬ್ಬರು ಕೇಳುತ್ತಾರೆ. ಮೀಥೇನು ಮೈನಸ್ 82 ಡಿಗ್ರಿಗಿಂತ ಮೇಲೆ ಎಷ್ಟು ಒತ್ತಿದರೂ ದ್ರವವಾಗದು. 14.2 ಕಿಲೋ ಸಿಲಿಂಡರಿನ ಒಳಜಾಗ 33 ಲೀಟರು, 7 ಬಾರ್‌ಗೆ ಒತ್ತಿದರೂ ಕಾಲು ಘನ ಮೀಟರ್, ಅರ್ಧ ಗಂಟೆಯ ಉರಿ. ಅದಕ್ಕಾಗಿ ಪ್ರಾಣದ ಜೊತೆ ಆಟ ಬೇಡ. ಸಿಎನ್‌ಜಿಯಂತೆ 200 ಬಾರ್‌ಗೆ ತುಂಬುವುದು ಲೈಸೆನ್ಸಿನ ಕೆಲಸ, ನಮ್ಮ ಅಳತೆಯದಲ್ಲ. ಇಂಗಾಲದ ಡೈಆಕ್ಸೈಡು ತೆಗೆಯಲು ನೀರಿನ ಗೋಪುರವನ್ನೂ ಕಟ್ಟಿ ನೋಡಿದೆವು. ಒತ್ತಡವಿಲ್ಲದ ಗ್ಯಾಸಿಗೆ ನೀರು ಸುರಿದಷ್ಟೂ ಸಾಲದು, ಒಲೆಗೆ ಅದರ ಅಗತ್ಯವೂ ಇಲ್ಲ, ಕಳಚಿಟ್ಟೆವು. ಮಂಡಾಳ (ಮಂಡಕ್ಕಿ) ಭಟ್ಟಿಗೆ ಕೊಟ್ಟು ನೋಡಿದ್ದೂ ಆಯಿತು. ಭತ್ತದ ಹೊಟ್ಟು ಅಗ್ಗಕ್ಕೆ ಸಿಗುವ ಕಡೆ ಭಟ್ಟಿಗೆ ಇಡೀ ದಿನದ ಗ್ಯಾಸು ಸುಟ್ಟರೆ ಲೆಕ್ಕ ಕೂಡುವುದಿಲ್ಲ. ಖೋವಾ ಮಾತ್ರ ಚೆನ್ನಾಗಿ ಹೊಂದಿತು, ಉರಿ ಒಂದೇ ಸಮ ಇರುವುದರಿಂದ ತಳ ಹಿಡಿಯುವುದಿಲ್ಲ.

ಹಣದ ಲೆಕ್ಕ ನೆನಪಿನಿಂದ: ಬಲೂನು, ಸಂಗ್ರಹದ ಚೀಲ ಎರಡಕ್ಕೂ 2 ಲಕ್ಷ 40 ಸಾವಿರ, ಪೈಪು ಅಗೆತ ಜಾಯಿಂಟು 70, ಪಂಪು ಡ್ರಮ್ಮು 25, ಮೀಟರು ಒಲೆ ಸೇರಿ 42, ಜೊತೆಗೆ ಕಳೆದುಕೊಂಡ ಆ ಮೂವತ್ತು. ನಾಲ್ಕು ಲಕ್ಷ ದಾಟಿತು. ಒಂದು ಸಿಲಿಂಡರಿಗೆ 31 ಘನ ಮೀಟರ್ ಗೋಬರ್ ಗ್ಯಾಸು ಸಮ, ನಾವು ದರ ಗೊತ್ತುಮಾಡಿದಾಗಿನ ಸಿಲಿಂಡರಿನ ಬೆಲೆಗೆ ಅದು ಘನ ಮೀಟರಿಗೆ 28-29 ರೂಪಾಯಿ ಬೀಳುತ್ತಿತ್ತು. ನಾವು 20 ತೆಗೆದುಕೊಳ್ಳುತ್ತೇವೆ. ಮನೆಗಳಿಗೆ ದಿನಕ್ಕೆ 18 ಹೋಗುತ್ತದೆ, ತಿಂಗಳಿಗೆ ಹತ್ತು ಹನ್ನೊಂದು ಸಾವಿರ. ಕರೆಂಟು, ಆಳು ಕಳೆದು ಎಂಟು ಉಳಿಯುತ್ತದೆ. ಮೀಟರ್ ಇಲ್ಲದೆ ತಿಂಗಳಿಗಿಷ್ಟು ಅಂತ ಇಟ್ಟಿದ್ದ ಮೊದಲ ಮೂರು ತಿಂಗಳು ಸ್ನಾನದ ನೀರೂ ಇದರಲ್ಲೇ ಕಾಯುತ್ತಿತ್ತು, ಸಂಜೆಗೆ ಚೀಲ ಖಾಲಿ. ಮೀಟರ್ ಕೂತ ವಾರಕ್ಕೇ ಸರಿಹೋಯಿತು.

ಹುಲ್ಲಿನ ಮಾತು ಇನ್ನೂ ಮುಗಿದಿಲ್ಲ. ಹಾರ್ವೆಸ್ಟರ್ ಬಿಟ್ಟುಹೋದ ಹುಲ್ಲಿಗೆ ಬೆಂಕಿ ಇಡುವ ಕಾಲದಲ್ಲಿ ನಮಗೆ ಬೇಕಾದಷ್ಟು ಸಿಗುತ್ತದೆ. ಹಾಗೇ ಹಾಕಿದರೆ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ, ಗ್ಯಾಸು ಅಡಿಯಲ್ಲೇ ಉಳಿಯುತ್ತದೆ. ಒಂದು ಇಂಚಿಗೆ ಕತ್ತರಿಸಿ, ಹೊರಬಂದ ಸ್ಲರಿಯ ನೀರಲ್ಲಿ ಐದು ದಿನ ತಾಡಪಾಲಿನ ಕೆಳಗೆ ನೆನೆಹಾಕಿ, ಸೆಗಣಿಯ ಜೊತೆ ಕಲಸಿ ದಿನಕ್ಕೆ 45 ಕಿಲೋ ಬಿಡುತ್ತಿದ್ದೇವೆ. ಚಳಿಗಾಲದಲ್ಲಿ ಗ್ಯಾಸು ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ, ಆಗ ಕಲಸುವ ನೀರನ್ನು ಬಿಸಿಲಲ್ಲಿ ಕಾಯಿಸಿ ಮಧ್ಯಾಹ್ನ ಬಿಡುವುದು. ಈ ಸಲದ ಕೊಯ್ಲಿಗೆ ಹುಲ್ಲನ್ನು 80 ಕಿಲೋಗೆ ಏರಿಸುತ್ತೇವೆ, ವಾರಕ್ಕೆ 5 ಕಿಲೋದಂತೆ. ಸ್ಲರಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6.8ಕ್ಕಿಂತ ಕೆಳಗೆ ಹೋದ ದಿನ ಹುಲ್ಲು ನಿಲ್ಲಿಸಿ, ಬರೀ ಸೆಗಣಿ ಹಾಕಿ, ಮೇಲೆ ಬರುವವರೆಗೆ ಕಾಯುವುದು.