ಚೀಸ್ ಗ್ರೇಟರ್ ಆಮದು: ಸರಿಯಾದ ಕಸ್ಟಮ್ಸ್ ಕೋಡ್ ಹುಡುಕುವುದು ಹೇಗೆ?

ಮನೆಯಲ್ಲೇ ಪಿಜ್ಜಾ, ಪಾಸ್ತಾ ಮಾಡುವವರ ಅಡುಗೆಮನೆಗೆ ಚೀಸ್ ಗ್ರೇಟರ್ ಬಂದಿದೆ. ಹೊರದೇಶದಿಂದ ಇನ್ನೂರು ಮುನ್ನೂರು ತರಿಸಿ ಮಾರೋಣ ಎಂದು ಹೊರಟ ಸಣ್ಣ ವ್ಯಾಪಾರಿಗೆ ಮೊದಲು ಎದುರಾಗುವ ಪ್ರಶ್ನೆ, ಇದಕ್ಕೆ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕನ್ನು ಗುರುತಿಸುವ ಸಂಖ್ಯೆ, ಯಾವುದು ಅನ್ನೋದು. 'ಸ್ಟೀಲ್ ಅಡುಗೆ ಸಾಮಾನು ತಾನೇ' ಎಂದು ಥಟ್ಟನೆ 7323 ಬರೆದುಬಿಡುವ ಆಸೆ ಆಗುತ್ತದೆ. ಕಬ್ಬಿಣ, ಉಕ್ಕಿನ ಪಾತ್ರೆ ಪಡಗಗಳ ಹೆಡಿಂಗ್ (ನಾಲ್ಕು ಅಂಕಿಯ ಗುಂಪು) ಅದು. ಆದರೆ ಗ್ರೇಟರ್ ಅಲ್ಲಿಗೆ ಸೇರುವುದಿಲ್ಲ.

ಎಚ್‌ಎಸ್ ಎಂದರೆ ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಸರಕು ಪಟ್ಟಿ. 1988ರಿಂದ ಜಾರಿಯಲ್ಲಿದೆ. ಮೊದಲ 6 ಅಂಕಿ ಎಲ್ಲ ದೇಶಗಳಿಗೂ ಒಂದೇ. ನಮ್ಮಲ್ಲಿ ಇನ್ನೆರಡು ಸೇರಿ 8 ಅಂಕಿ ಆಗುತ್ತದೆ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಈ ಪೂರ್ತಿ ಪಟ್ಟಿ ಸಿಗುತ್ತದೆ.

ಮೊದಲು ಸ್ಯಾಂಪಲ್ ಕೈಗೆತ್ತಿಕೊಳ್ಳಿ

ಕ್ಯಾಟಲಾಗ್ ನೋಡಿ ಕೋಡ್ ಬರೆಯಬೇಡಿ. ಗ್ರೇಟರನ್ನು ಮೇಜಿನ ಮೇಲಿಟ್ಟು ಒಂದು ತುಂಡು ಚೀಸ್ ತುರಿದು ನೋಡಿ. ನಿಮ್ಮ ಕೈ ಹೇಗೆ ಆಡುತ್ತಿದೆ? ಲೋಹ ಯಾವುದು ಅನ್ನುವುದಕ್ಕಿಂತ ಮೊದಲು ಗಮನಿಸಬೇಕಾದ್ದು ಇದನ್ನೇ.

ನಾಲ್ಕು ಮುಖದ ಡಬ್ಬಿಯಂಥ ಗ್ರೇಟರ್ ಇದೆ ಅಂದುಕೊಳ್ಳಿ. ಮೇಲಿನ ಹಿಡಿ ಒಂದು ಕೈಲಿ, ಚೀಸ್ ಇನ್ನೊಂದು ಕೈಲಿ. ಮೇಲಿಂದ ಕೆಳಕ್ಕೆ ಉಜ್ಜುತ್ತೀರಿ. ತಗಡಿನ ಹಲ್ಲುಗಳು ಕೊರೆಯುತ್ತವೆ, ತುರಿ ಒಳಗೆ ಬೀಳುತ್ತದೆ. ತಿರುಗುವ ಭಾಗ ಯಾವುದೂ ಇಲ್ಲ. ಇದು ಕೈ ಉಪಕರಣ, ಅಂದರೆ 8205. ಅದರಲ್ಲೂ ಮನೆಬಳಕೆಯ ಉಪಕರಣಗಳ ಉಪಹೆಡಿಂಗ್ 8205 51. ಎಚ್‌ಎಸ್‌ನ ವಿವರಣಾ ಟಿಪ್ಪಣಿಗಳಲ್ಲಿ ಈ ಹೆಡಿಂಗ್ ಕೆಳಗೆ ಕಾರ್ಕ್‌ಸ್ಕ್ರೂ, ಮೊಟ್ಟೆ ಕಡೆಯುವ ವಿಸ್ಕ್, ತರಕಾರಿ ಹೆಚ್ಚುವ ಸ್ಲೈಸರ್ ಜೊತೆ ಚೀಸ್ ಗ್ರೇಟರಿನ ಹೆಸರನ್ನೇ ಬರೆದಿದ್ದಾರೆ. ಉಪಕರಣದ ಗುಣ ಇರುವ ಇಂಥ ಸಾಮಾನು 7323ಕ್ಕೆ ಸೇರುವುದಿಲ್ಲ ಎಂದೂ ಅಲ್ಲೇ ಇದೆ. ಪಾತ್ರೆ ಆಹಾರವನ್ನು ಹಿಡಿದಿಡುತ್ತದೆ, ಗ್ರೇಟರ್ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಕೋಡ್ ನಿಂತಿರುವುದೇ ಇದರ ಮೇಲೆ.

ಇನ್ನೊಂದು ಬಗೆ ಇದೆ. ಹೋಟೆಲ್ ಮೇಜಿನಲ್ಲಿ ನೋಡಿರುತ್ತೀರಿ. ಗ್ರೇಟರಿನ ಬಾಯಿಗೆ ಚೀಸ್ ತುಂಬಿ, ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ಉರುಳೆ ಸುತ್ತಿ ತುರಿ ಉದುರುತ್ತದೆ. ಇದರಲ್ಲಿ ತಿರುಗಿಸುವ ಹಿಡಿ ಇದೆ, ಯಾಂತ್ರಿಕ ಚಲನೆ ಇದೆ. ಹಾಗಾಗಿ ಇದು 8210: ಆಹಾರ ತಯಾರಿಸಲು, ಬಡಿಸಲು ಬಳಸುವ, 10 ಕಿಲೋ ಮೀರದ, ಕೈಯಿಂದ ನಡೆಸುವ ಯಾಂತ್ರಿಕ ಸಾಧನ. ನಮ್ಮ ಮನೆಗಳಲ್ಲಿ ಕಟ್ಟೆಗೆ ಕಚ್ಚಿ ಕೂರುವ ರಬ್ಬರ್ ತಳದ ತೆಂಗಿನಕಾಯಿ ತುರಿಯುವ ಸಾಧನ ಇರುತ್ತಲ್ವಾ, ಹಿಡಿ ತಿರುಗಿಸುವಂಥದ್ದು? ಅದನ್ನು ನೆನಪಿಸಿಕೊಂಡರೆ 8210 ಸುಲಭವಾಗಿ ಅರ್ಥವಾಗುತ್ತದೆ.

ಬ್ಯಾಟರಿ ಅಥವಾ ಕರೆಂಟಿನ ಮೋಟಾರ್ ಒಳಗೇ ಇರುವ ಮನೆಬಳಕೆಯ ಗ್ರೇಟರ್ 8509ಕ್ಕೆ ಹೋಗುತ್ತದೆ.

ಈಗ ವಸ್ತು ನೋಡಿ

82ನೇ ಅಧ್ಯಾಯದ ಮೊದಲ ಟಿಪ್ಪಣಿ ಮುಖ್ಯ. ತುರಿಯುವ ಭಾಗ ಕಬ್ಬಿಣ, ಉಕ್ಕಿನಂಥ ಲೋಹದ್ದಾಗಿರಬೇಕು. ಹಿಡಿ ಪ್ಲಾಸ್ಟಿಕ್ಕೋ ಮರವೋ ಆಗಿದ್ದರೆ ತೊಂದರೆಯಿಲ್ಲ. ಹಲ್ಲುಗಳೂ ಪ್ಲಾಸ್ಟಿಕ್ಕೇ ಆಗಿದ್ದರೆ ಮಾತ್ರ 82 ಬಿಟ್ಟು 3924ರ ಕಡೆ ನೋಡಬೇಕು. ಗ್ರೇಟರಿನ ಕೆಳಗೆ ತುರಿ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಹೆದರಬೇಡಿ. ವರ್ಗೀಕರಣದ 6 ಸಾಮಾನ್ಯ ನಿಯಮಗಳಲ್ಲಿ 3(ಬಿ) ಇಂಥ ಜೋಡಿಗಳಿಗೆಂದೇ ಇದೆ: ಮುಖ್ಯ ಗುಣ ಯಾವುದರಿಂದ ಬರುತ್ತದೋ ಅದರ ಕೋಡ್. ಇಲ್ಲಿ ಜನ ದುಡ್ಡು ಕೊಡುವುದು ತುರಿಯುವ ಹಲ್ಲುಗಳಿಗೆ, ಡಬ್ಬಿಗಲ್ಲ.

ಸುಂಕ ಲೆಕ್ಕ ಹಾಕುವುದು

ದರಗಳು ಬಜೆಟ್‌ನಲ್ಲಿ, ಅಧಿಸೂಚನೆಗಳಲ್ಲಿ ಬದಲಾಗುತ್ತಿರುತ್ತವೆ. ಸರಕು ಬರುವ ಹೊತ್ತಿನ ದರವನ್ನು ಸಿಬಿಐಸಿ (ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ) ಜಾಲತಾಣದಲ್ಲೇ ನೋಡಿ. ಲೆಕ್ಕದ ಕ್ರಮ ಹೀಗೆ. ಸರಕಿನ ಮೌಲ್ಯ 1,00,000 ರೂಪಾಯಿ, ಮೂಲ ಸುಂಕ ಶೇ 10, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಶೇ 18 ಅಂದುಕೊಳ್ಳೋಣ. ಮೂಲ ಸುಂಕ 10,000. ಅದರ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್‌ಚಾರ್ಜ್, 1,000. ಈಗ 1,11,000ದ ಮೇಲೆ ಐಜಿಎಸ್‌ಟಿ 19,980. ಒಟ್ಟು 30,980. ಮೂಲ ಸುಂಕ ಶೇ 20 ಇರುವ ಕೋಡ್ ಆದರೆ ಇದೇ ಲೆಕ್ಕ 43,960ಕ್ಕೆ ಏರುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ ಐಜಿಎಸ್‌ಟಿ ಪಾಲು ಕ್ರೆಡಿಟ್ ಆಗಿ, ಅಂದರೆ ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯುವಂತೆ, ಸಿಗುತ್ತದೆ. ಮೂಲ ಸುಂಕ, ಸರ್‌ಚಾರ್ಜ್ ಮಾತ್ರ ನಿಮ್ಮ ಜೇಬಿನಿಂದಲೇ ಹೋಗುತ್ತವೆ.

ಇನ್‌ವಾಯ್ಸ್‌ನಲ್ಲಿ ಬರೆಯುವ ಮಾತು

'ಅಡುಗೆಮನೆ ಸಾಮಾನು' ಎಂದು ಸುಮ್ನೆ ಬರೆದರೆ ಪ್ರಶ್ನೆ ಬಂದೇ ಬರುತ್ತದೆ. 'ಚೀಸ್ ಗ್ರೇಟರ್, ನಾಲ್ಕು ಮುಖ, ತುರಿಯುವ ಭಾಗ ಸ್ಟೇನ್‌ಲೆಸ್ ಸ್ಟೀಲ್, ಹಿಡಿ ಪ್ಲಾಸ್ಟಿಕ್, ಮೋಟಾರ್ ಇಲ್ಲ, ತಿರುಗಿಸುವ ಹಿಡಿ ಇಲ್ಲ' ಎಂದು ಪೂರ್ತಿ ಬರೆಯಲು ಮಾರುವವರಿಗೆ ಹೇಳಿ. ಇದಕ್ಕೆ ಕಾರಣವಿದೆ. 2020ರ ಜೂನ್‌ನಲ್ಲಿ ಬೆಂಗಳೂರು ಮತ್ತು ಚೆನ್ನೈನಲ್ಲಿ ಶುರುವಾದ ಫೇಸ್‌ಲೆಸ್ ಮೌಲ್ಯಮಾಪನ ಈಗ ದೇಶವೆಲ್ಲ ಇದೆ. ನಿಮ್ಮ ಪೆಟ್ಟಿಗೆ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ಕುಳಿತಿದ್ದರೂ ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣಾ ಪತ್ರ) ನೋಡುವ ಅಧಿಕಾರಿ ಬೇರೆ ಊರಿನಲ್ಲಿರಬಹುದು. ಅವರಿಗೆ ಕಾಣುವುದು ನಿಮ್ಮ ಮಾತು, ನಿಮ್ಮ ಫೋಟೊ. ಹಲ್ಲುಗಳು ಕಾಣುವಂತೆ ಹತ್ತಿರದಿಂದ ತೆಗೆದ ಒಂದು ಫೋಟೊ ಅಪ್‌ಲೋಡ್ ಮಾಡಿ.

ಆದರೂ ಅನುಮಾನ ಉಳಿದರೆ?

ಕೋಡ್ ನೀವೇ ಘೋಷಿಸಬೇಕು, ಜವಾಬ್ದಾರಿಯೂ ನಿಮ್ಮದೇ. ಕಸ್ಟಮ್ಸ್ ಬ್ರೋಕರ್ ಹೇಳಿದರು ಅನ್ನುವುದು ಉತ್ತರ ಆಗುವುದಿಲ್ಲ. ಕಡಿಮೆ ಕಟ್ಟಿದ ಸುಂಕವನ್ನು ಇಲಾಖೆ ಸಾಮಾನ್ಯವಾಗಿ 2 ವರ್ಷದೊಳಗೆ ಕೇಳಬಹುದು. ಬೇಕೆಂದೇ ಮುಚ್ಚಿಟ್ಟಿದ್ದರೆ 5 ವರ್ಷದವರೆಗೆ. ದೊಡ್ಡ ಆರ್ಡರ್ ಆದರೆ ಮುಂಗಡ ತೀರ್ಪು, ಅಂದರೆ ಸರಕು ತರಿಸುವ ಮೊದಲೇ ಕೋಡ್ ಯಾವುದೆಂದು ಹೇಳುವ ತೀರ್ಪು, ಕೇಳುವುದು ಒಳ್ಳೆಯದು. ಅದಕ್ಕೆಂದೇ ದೆಹಲಿ, ಮುಂಬೈಯಲ್ಲಿ ಪ್ರಾಧಿಕಾರಗಳಿವೆ. ಸರಕು ಆಗಲೇ ಬಂದುಬಿಟ್ಟಿದೆಯೇ? ಬಾಂಡ್ (ಬಾಕಿ ಸುಂಕ ಕಟ್ಟುತ್ತೇನೆಂಬ ಮುಚ್ಚಳಿಕೆ) ಕೊಟ್ಟು ತಾತ್ಕಾಲಿಕ ಮೌಲ್ಯಮಾಪನ ಕೇಳಿ, ಪೆಟ್ಟಿಗೆ ಬಿಡಿಸಿಕೊಳ್ಳಬಹುದು.

ಎಚ್‌ಎಸ್‌ನ ಹೊಸ ಆವೃತ್ತಿ 2028ರ ಜನವರಿ 1ರಿಂದ ಜಾರಿಗೆ ಬರಲಿದೆ. ಆ ಹೊತ್ತಿಗೆ ನಿಮ್ಮ ಸರಕು ದಾರಿಯಲ್ಲಿದ್ದರೆ, ಹಳೆಯ ಬಿಲ್ಲಿನ ಕೋಡನ್ನೇ ನಕಲು ಮಾಡದೆ ಹೊಸ ಶೆಡ್ಯೂಲನ್ನು ತೆರೆದು ನೋಡಿ.