ಕೆಲಸಕ್ಕೆ ಸೇರುವ ಮುನ್ನ ಮೂತ್ರ ಪರೀಕ್ಷೆ: ಊರಿನ ಔಷಧಿ ಚೀಟಿಯನ್ನು ಎಸೆಯಬೇಡಿ

ಅಮೆರಿಕದಲ್ಲಿ ಆಫರ್ ಲೆಟರ್ ಕೈಸೇರಿದ ಮೇಲೆ ಅನೇಕ ಕಂಪನಿಗಳು ಮಾದಕವಸ್ತು ಪರೀಕ್ಷೆಗೆಂದು ಲ್ಯಾಬಿಗೆ ಕಳುಹಿಸುತ್ತವೆ. ಬೀಡಿ ಸಿಗರೇಟನ್ನೂ ಮುಟ್ಟದ ನಮ್ಮವರು ಇದರ ಬಗ್ಗೆ ನಿಶ್ಚಿಂತರಾಗಿರುತ್ತಾರೆ. ಆದರೆ ಪರೀಕ್ಷೆಗೆ ಕಾಣುವುದು ಮೂತ್ರದಲ್ಲಿರುವ ವಸ್ತು ಮಾತ್ರ, ಅದನ್ನು ಏಕೆ ಸೇವಿಸಿದಿರಿ ಎಂಬುದಲ್ಲ. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿರುವ ಕೊಡೀನ್ ಎಂಬ ಅಫೀಮು ವರ್ಗದ ಔಷಧಿ ದೇಹದೊಳಗೆ ಭಾಗಶಃ ಮಾರ್ಫೀನ್ ಆಗುತ್ತದೆ; ಪರೀಕ್ಷೆ ಹುಡುಕುವುದು ಇಂಥ ವಸ್ತುಗಳನ್ನೇ. ಹಲ್ಲು ಕೀಳಿಸಿದಾಗ ಇಲ್ಲಿನ ದಂತವೈದ್ಯರು ಬರೆದುಕೊಡಬಹುದಾದ ಹೈಡ್ರೊಕೊಡೋನ್, ಆಕ್ಸಿಕೊಡೋನ್ ಎಂಬ ನೋವಿನ ಮಾತ್ರೆಗಳು 2018ರ ಜನವರಿಯಿಂದ, ವಾಹನ ಚಾಲನೆಯಂಥ ಕೆಲಸಗಳ ಪರೀಕ್ಷೆಗೆ ನಿಯಮ ಮಾಡುವ ಇಲ್ಲಿನ ಸಾರಿಗೆ ಇಲಾಖೆಯ ಪಟ್ಟಿಯಲ್ಲಿವೆ.

ಇಲ್ಲಿನ ಔಷಧಿ ಡಬ್ಬಿಯ ಮೇಲೆ ರೋಗಿಯ ಹೆಸರು, ವೈದ್ಯರ ಹೆಸರು, ದಿನಾಂಕ ಎಲ್ಲವೂ ಅಚ್ಚಾಗಿರುತ್ತವೆ; ಊರಿನ ಮೆಡಿಕಲ್ ಸ್ಟೋರಿನಿಂದ ಕತ್ತರಿಸಿ ತಂದ ಮಾತ್ರೆಯ ಸ್ಟ್ರಿಪ್ಪಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಆದ್ದರಿಂದ ವೈದ್ಯರ ಚೀಟಿಯನ್ನೂ ಅಂಗಡಿಯ ಬಿಲ್ಲನ್ನೂ ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿಡಿ. ವಿದೇಶದಲ್ಲಿ ಕಾನೂನುಬದ್ಧವಾಗಿ ಪಡೆದು, ಸರಿಯಾದ ಕಾರಣಕ್ಕೆ ಬಳಸಿದ ಔಷಧಿಯನ್ನು ಪರಿಗಣಿಸಲು ಸಾರಿಗೆ ಇಲಾಖೆಯ ನಿಯಮದಲ್ಲಿ ಅವಕಾಶವಿದೆ. ಮನೆಯವರ ಹೆಸರಿನಲ್ಲಿ ಬರೆದ ಮಾತ್ರೆಯನ್ನು ನೀವು ನುಂಗಿದ್ದರೆ ಆ ಚೀಟಿ ನಿಮ್ಮನ್ನು ಕಾಪಾಡುವುದಿಲ್ಲ.

ಫಲಿತಾಂಶ ಪಾಸಿಟಿವ್ ಬಂದರೆ, ಅದು ಕಂಪನಿಗೆ ಹೋಗುವ ಮೊದಲು ಮೆಡಿಕಲ್ ರಿವ್ಯೂ ಆಫೀಸರ್ ಎಂಬ ವೈದ್ಯರು ಸಾಮಾನ್ಯವಾಗಿ ನಿಮಗೆ ಫೋನ್ ಮಾಡುತ್ತಾರೆ. ಈ ಕರೆಯೇ ಎಲ್ಲಕ್ಕಿಂತ ಮುಖ್ಯ. ಮೋಸದ ಕರೆಗಳಿಗೆ ಹೆದರಿ ಅಪರಿಚಿತ ನಂಬರನ್ನು ಎತ್ತದಿರುವುದು ನಮ್ಮ ಅಭ್ಯಾಸವಾದ್ದರಿಂದ, ಪರೀಕ್ಷೆ ಕೊಟ್ಟ ನಂತರದ ಕೆಲವು ದಿನ ದಯವಿಟ್ಟು ಪ್ರತಿ ಕರೆಯನ್ನೂ ಎತ್ತಿ, ವಾಯ್ಸ್‌ಮೇಲ್ ಕೇಳಿ. ಸಾರಿಗೆ ಇಲಾಖೆಯ ನಿಯಮದಡಿ, ಆ ವೈದ್ಯರಿಗೆ ಕರೆ ಮಾಡಿರೆಂದು ಕಂಪನಿಯವರು ತಿಳಿಸಿದ ಮೇಲೂ 72 ಗಂಟೆ ಸುಮ್ಮನಿದ್ದರೆ ನಿಮ್ಮ ಮಾತು ಕೇಳದೆಯೇ ಪಾಸಿಟಿವ್ ಎಂದು ಖಚಿತಪಡಿಸಬಹುದು. ನಿಮ್ಮ ಚೀಟಿ ಸರಿಯಾಗಿದ್ದರೆ ಕಂಪನಿಗೆ ನೆಗೆಟಿವ್ ಎಂದೇ ವರದಿ ಹೋಗುತ್ತದೆ. ಆದರೂ ವಾಹನ ಚಾಲನೆಯಂಥ ಕೆಲಸಗಳಲ್ಲಿ ಔಷಧಿಯಿಂದ ಸುರಕ್ಷತೆಗೆ ತೊಂದರೆಯೆಂದು ಕಂಡರೆ ಅದನ್ನು ಈ ವೈದ್ಯರು ಕಂಪನಿಗೆ ತಿಳಿಸಬಹುದು.

ಇನ್ನು ಗಸಗಸೆ ಪಾಯಸ. ಗಸಗಸೆಯಲ್ಲಿ ಮಾರ್ಫೀನ್, ಕೊಡೀನ್‌ಗಳ ಅಂಶ ಇರುತ್ತದೆ. ಈ ಕಾರಣದಿಂದಲೂ 1998ರಲ್ಲಿ ಅಮೆರಿಕದ ಸರ್ಕಾರಿ ನಿಯಮದ ಪರೀಕ್ಷೆಗಳಲ್ಲಿ ಪಾಸಿಟಿವ್ ಎನ್ನಲು ಬೇಕಾದ ಮಾರ್ಫೀನಿನ ಮಿತಿಯನ್ನು ಮಿಲಿಲೀಟರಿಗೆ 300ರಿಂದ 2,000 ನ್ಯಾನೊಗ್ರಾಂಗೆ ಏರಿಸಲಾಯಿತು; ಆದರೆ ಎಲ್ಲ ಖಾಸಗಿ ಕಂಪನಿಗಳೂ ಸರ್ಕಾರಿ ಮಿತಿಯನ್ನೇ ಅನುಸರಿಸಬೇಕೆಂದಿಲ್ಲ. ಹಬ್ಬ ಹತ್ತಿರವಿದ್ದರೂ ಪರೀಕ್ಷೆ ಮುಗಿಯುವವರೆಗೆ ಗಸಗಸೆಯನ್ನು ಬಿಟ್ಟು ಹೆಸರುಬೇಳೆ ಪಾಯಸ ಮಾಡಿಕೊಳ್ಳಿ.